ಮರಣಶಾಸನವೂ ವ್ಯಾಧಿಪೀಡಿತ ಮಕ್ಕಳೂ

ಓದತಕ್ಕ ವೇದಭಾಗಗಳು: ಯೆಶಾಯ ೩೮ನೆಯ ಅಧ್ಯಾಯ, ೨ ಅರಸುಗಳು ೪:೧೮–೩೭ ಮತ್ತು ೮:೧–೬, ಮಾರ್ಕ ೭:೯–೧೩.

ಯೆಹೂದದ ಅರಸನಾದ ಹಿಜ್ಕೀಯನು ಮರಣಕರವಾದ ರೋಗದಲ್ಲಿ ಬಿದ್ದಿದ್ದಾಗ ಪ್ರವಾದಿಯಾದ ಯೆಶಾಯನು ಅವನ ಬಳಿಗೆ ಬಂದು, ಮೊಟ್ಟಮೊದಲು ಅವನ ಮನೆಯ ವ್ಯವಸ್ಥೆಯ ವಿಷಯವಾಗಿ ಮಾತಾಡಿದನು. ಅರಸನ ಕಣ್ಣೀರೂ ಪ್ರಾರ್ಥನೆಯೂ ಅಂಜೂರದ ಹಣ್ಣಿನ ಉಂಡೆಯೂ ಆಮೇಲೆ ಬಂದವು. ನಮ್ಮ ಸಭೆಗಳಲ್ಲಿ ಈ ಅಧ್ಯಾಯವನ್ನು ಓದುವಾಗ ಹಿಂದಕ್ಕೆ ಸರಿದ ನೆರಳಿನ ಅದ್ಭುತವನ್ನು ಎಲ್ಲರೂ ಆಸಕ್ತಿಯಿಂದ ಕೇಳುವರು. ಮೊದಲನೆಯ ವಚನದ ಮೇಲೆ ಯಾರೂ ನಿಲ್ಲುವದಿಲ್ಲ. ಮನೆಯ ವ್ಯವಸ್ಥೆ ಎಂದರೇನು? ಬಾಯಿ ಆಡುತ್ತಿರುವಾಗಲೇ, ಬುದ್ಧಿ ಸ್ಥಿರವಾಗಿರುವಾಗಲೇ, ನನ್ನದಾಗಿರುವದು ನನ್ನ ತರುವಾಯ ಯಾರ ಪಾಲಿಗೆ ಹೋಗಬೇಕೆಂಬದನ್ನು ಸ್ಪಷ್ಟವಾಗಿ ತಿಳಿಸಿಡುವದೇ. ಈ ತಿಂಗಳ ಪಾಠದಲ್ಲಿ ಅದನ್ನು ವಿಚಾರಿಸೋಣ. ಅದರೊಂದಿಗೆ ಇನ್ನೊಂದು ಮಾತನ್ನೂ ಸಭೆಯವರ ಮುಂದೆ ಇಡುವೆವು: ಆ ವ್ಯವಸ್ಥೆಯಲ್ಲಿ ನಮ್ಮ ಮನೆಯಲ್ಲಿ ಹುಟ್ಟದವರಾಗಿ, ಕಠಿನ ವ್ಯಾಧಿಯಿಂದ ಹಾಸಿಗೆ ಹಿಡಿದಿರುವ ಮಕ್ಕಳಿಗೂ ಒಂದು ಪಾಲು ಇರಬಹುದು.

ಮರಣಶಾಸನ, ಅಂದರೆ ಜನರು ಉಯಿಲೆಂದೂ ವಿಲ್ ಎಂದೂ ಹೇಳುವ ಪತ್ರ, ಎಂಬ ಮಾತನ್ನೆತ್ತಿದರೆ ಹಳ್ಳಿಗಳಲ್ಲಿ ಎರಡು ಉತ್ತರಗಳು ಬರುವವು. ಅದನ್ನು ಬರೆಯಿಸಿದವನು ಬಹುಕಾಲ ಬದುಕುವದಿಲ್ಲವೆಂಬದು ಒಂದು. ಇದಕ್ಕೆ ಹಿಜ್ಕೀಯನೇ ಸಾಕಾದ ಉತ್ತರ. ಮನೆಯ ವ್ಯವಸ್ಥೆ ಮಾಡೆಂದು ಕೇಳಿಸಿಕೊಂಡ ಮೇಲೆ ಅವನು ಹದಿನೈದು ವರುಷ ಬದುಕಿದನು. ಅದೆಲ್ಲಾ ಧನವಂತರ ಕೆಲಸವೆಂಬದು ಎರಡನೆಯದು. ಕೆಂಕೆರೆ, ಹುಳಿಯಾರು, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ಹೀಗೆ ಹೇಳುವದು ನಮಗೆ ಆಶ್ಚರ್ಯವಾಗಿದೆ. ತೆಂಗಿನ ಸಸಿಯನ್ನು ನೆಟ್ಟವನು ಏಳೆಂಟು ವರುಷ ಕಾದು ಹೊಂಬಾಳೆಯನ್ನು ಕಾಣುವನು. ಮರವಾದರೋ ಅರುವತ್ತು ವರುಷಕ್ಕೂ ಮೇಲ್ಪಟ್ಟು ಕಾಯಿ ಬಿಡುತ್ತಿರುವದು. ಐವತ್ತರ ಪ್ರಾಯದಲ್ಲಿ ಸಸಿ ನೆಡುವ ರೈತನು ತಾನು ತಿನ್ನದ ಫಲಕ್ಕಾಗಿ ಗುಂಡಿ ತೋಡುತ್ತಾನೆ. ಕಾಯನ್ನಾದರೂ ಕೊಯ್ದ ದಿನವೇ ನಾವು ಮಾರುವದಿಲ್ಲ. ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟು, ಒಳಗಣ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಅಲ್ಲಾಡಿದಾಗ ಸುಲಿದು, ಉಂಡೆ ಕೊಬ್ಬರಿಯನ್ನು ತಿಪಟೂರಿನ ಹರಾಜಿಗೆ ಒಯ್ಯುವೆವು. ಮುಂದಣ ಕಾಲಕ್ಕಾಗಿ ಇಡುವದು ನಮ್ಮ ಜನರಿಗೆ ಹೊಸ ವಿದ್ಯೆಯಲ್ಲ. ಅದನ್ನು ಕಾಗದದ ಮೇಲೆ ಬರೆಯುವದು ಮಾತ್ರ ಹೊಸದು.

ಇನ್ನು ಎರಡನೆಯ ವೇದಭಾಗಕ್ಕೆ ಬರೋಣ. ಶೂನೇಮಿನ ಹುಡುಗನು ಕೊಯ್ಲಿನ ದಿನದಲ್ಲಿ ತಂದೆಯ ಬಳಿಗೆ ಹೊಲಕ್ಕೆ ಹೋದನು. ಅಲ್ಲಿ ತಲೆನೋವೆಂದು ಕೂಗಿದನು. ತಂದೆಯು ಕೆಲಸವನ್ನು ಬಿಡದೆ, ಹುಡುಗನನ್ನು ತಾಯಿಯ ಬಳಿಗೆ ಕರೆದುಕೊಂಡು ಹೋಗೆಂದು ಆಳಿಗೆ ಹೇಳಿದನು. ತಂದೆಯನ್ನು ನಾವು ನಿಂದಿಸಲಾರೆವು. ಕೊಯ್ಲಿನ ಕಾಲದಲ್ಲಿ ಮಗುವಿನ ತಲೆನೋವನ್ನು ದೊಡ್ಡದೆಂದು ಎಣಿಸುವವರು ಎಷ್ಟು ಮಂದಿ? ಮಧ್ಯಾಹ್ನದ ವರೆಗೆ ಮಗುವು ತಾಯಿಯ ತೊಡೆಯ ಮೇಲಿದ್ದು ಸತ್ತಿತು. ಮಕ್ಕಳ ಕಠಿನ ರೋಗವು ಇಂದಿಗೂ ಹೀಗೆಯೇ ಮನೆಯೊಳಗೆ ಬರುವದು. ಹದಿನೈದು ದಿನ ಬಿಡದ ಜ್ವರ, ಬಿಳಚಿಕೊಂಡ ಮುಖ, ಪೆಟ್ಟಿಲ್ಲದೆ ಮೈಮೇಲೆ ಕಾಣುವ ನೀಲಿ ಗುರುತುಗಳು. ಹತ್ತಿರದ ವೈದ್ಯರು ತುಮಕೂರಿಗೆ ಬರೆದುಕೊಡುವರು, ತುಮಕೂರಿನವರು ಬೆಂಗಳೂರಿಗೆ ಕಳುಹಿಸುವರು. ಅಲ್ಲಿ ಅದು ರಕ್ತದ ಕ್ಯಾನ್ಸರೆಂದು ತಿಳಿಯಬಹುದು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಹೆಚ್ಚಾಗಿ ಕಾಣುವದು ಅದೇ.

ಈ ಹೆಸರನ್ನು ಕೇಳಿದ ಕೂಡಲೇ ಸಭೆಯವರಲ್ಲಿ ಅನೇಕರು ಶವಪೆಟ್ಟಿಗೆಯನ್ನು ನೆನಸುವರು. ಆದರೆ ಸತ್ಯಾಂಶವು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯವರು ತಿಳಿಸುವ ಪ್ರಕಾರ ಐಶ್ವರ್ಯವುಳ್ಳ ದೇಶಗಳಲ್ಲಿ ಕ್ಯಾನ್ಸರು ಹಿಡಿದ ಮಕ್ಕಳಲ್ಲಿ ನೂರಕ್ಕೆ ಎಂಭತ್ತಕ್ಕಿಂತ ಹೆಚ್ಚು ಮಂದಿ ಗುಣಹೊಂದುತ್ತಾರೆ. ಬಡ ದೇಶಗಳು ಅನೇಕದಲ್ಲಿ ಮೂವತ್ತಕ್ಕಿಂತ ಕಡಿಮೆ. ಇದನ್ನು ೨೦೩೦ರೊಳಗೆ ಲೋಕದ ಎಲ್ಲೆಡೆಯಲ್ಲಿಯೂ ಅರುವತ್ತಕ್ಕಾದರೂ ಏರಿಸಬೇಕೆಂದು ಅವರು ೨೦೧೮ರಲ್ಲಿ ಒಂದು ಪ್ರಯತ್ನವನ್ನು ಆರಂಭಿಸಿದರು. ರೋಗವು ಒಂದೇ, ಔಷಧವೂ ಬಹುಮಟ್ಟಿಗೆ ಒಂದೇ. ಹಾಗಾದರೆ ಇಷ್ಟು ಅಂತರ ಯಾಕೆ? ರೋಗವನ್ನು ತಡವಾಗಿ ಗುರುತಿಸುವದು ಒಂದು ಕಾರಣ. ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಊರಿಗೆ ಹಿಂದಿರುಗುವದು ಇನ್ನೊಂದು. ರಕ್ತದ ಕ್ಯಾನ್ಸರಿನ ಚಿಕಿತ್ಸೆಯು ಎರಡು ಮೂರು ವರುಷಗಳ ವರೆಗೆ ನಡೆಯತಕ್ಕದ್ದು. ಮೊದಲ ತಿಂಗಳುಗಳಲ್ಲೇ ಮಗುವು ಎದ್ದು ಓಡಾಡುವದು. ಗುಣವಾಯಿತೆಂದು ತಿಳಿದು, ಕೈಯಲ್ಲಿದ್ದ ಹಣವೂ ತೀರಿ, ತಂದೆತಾಯಿಗಳು ಹಿಂದಿರುಗುವರು. ರೋಗವು ಪುನಃ ಬಂದಾಗ ವೈದ್ಯರ ಕೈ ಮೊದಲಿನಷ್ಟು ಬಲವಾಗಿರುವದಿಲ್ಲ.

ಆಸ್ಪತ್ರೆಯ ಖರ್ಚನ್ನು ಸರ್ಕಾರವೇ ಕೊಡುವದಲ್ಲವೇ ಎಂದು ಕೇಳುವವರುಂಟು. ಹೌದು, ೨೦೧೮ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಎಂಬ ಯೋಜನೆಯು ಬಡ ಕುಟುಂಬಗಳಿಗೆ ವರುಷಕ್ಕೆ ಐದು ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆಯ ವೆಚ್ಚವನ್ನು ಹೊರುವದು. ಇದಕ್ಕಾಗಿ ನಾವು ಕೃತಜ್ಞರಾಗಿರಬೇಕು. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆಯೂ, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೂ ಬಡವರಿಗೆ ಬಾಗಿಲು ತೆರೆದಿವೆ. ಆದರೂ ಮಗುವಿನ ಜೊತೆಗೆ ಕೂತಿರುವ ತಾಯಿಯ ಊಟ ಆ ಯೋಜನೆಯಲ್ಲಿ ಸೇರಿಲ್ಲ. ಬಸ್ಸಿನ ಹಣ, ಚಿಕಿತ್ಸೆಯ ನಡುವಣ ವಾರಗಳಲ್ಲಿ ಪಟ್ಟಣದಲ್ಲಿ ಇಳಿದುಕೊಳ್ಳುವ ಕೋಣೆಯ ಬಾಡಿಗೆ, ಕೂಲಿಯನ್ನು ಕಳಕೊಂಡ ತಂದೆಯ ದಿನಗಳು, ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಉಳಿದ ಮಕ್ಕಳ ಪೋಷಣೆ, ಇವೆಲ್ಲಾ ಹೊರಗೇ ಉಳಿಯುವವು. ಶೂನೇಮಿನ ತಾಯಿಗೆ ಕತ್ತೆಯಿತ್ತು, ಅದನ್ನು ಹೊಡೆದುಕೊಂಡು ಹೋಗಲು ಆಳಿದ್ದನು. ಆದದರಿಂದ ಅವಳು ಒಂದು ಗಳಿಗೆಯನ್ನೂ ಕಳೆಯದೆ ಕರ್ಮೆಲ್ ಬೆಟ್ಟಕ್ಕೆ ಹೊರಟಳು. ಕತ್ತೆಯೂ ಆಳೂ ಇಲ್ಲದ ತಾಯಂದಿರನ್ನು ನಾವು ತಿಪಟೂರಿನ ರೈಲ್ವೆ ನಿಲ್ದಾಣದಲ್ಲಿ ಕಾಣಬಹುದು. ದಾನದ ಹಣವು ಮುಖ್ಯವಾಗಿ ಇಂಥ ಖರ್ಚಿಗೆ ಬೇಕಾಗಿರುವದು.

ಎಲ್ಲಾ ಮಕ್ಕಳೂ ಗುಣಹೊಂದುವದಿಲ್ಲವೆಂಬದನ್ನು ನಾವು ಮರೆಮಾಚತಕ್ಕದ್ದಲ್ಲ. ಹುಟ್ಟಿನಿಂದಲೇ ಹೃದಯದ ದೋಷವುಳ್ಳವರು, ತಲಸ್ಸೀಮಿಯ ಎಂಬ ರಕ್ತದೋಷದಿಂದ ಕೆಲವು ವಾರಗಳಿಗೊಮ್ಮೆ ಬೇರೊಬ್ಬರ ರಕ್ತವನ್ನು ಪಡೆದೇ ಬದುಕತಕ್ಕವರು, ಯಾವ ಔಷಧಕ್ಕೂ ಬಗ್ಗದ ಗೆಡ್ಡೆಯುಳ್ಳವರು ಇದ್ದಾರೆ. ಕೊನೆಯ ದಿನಗಳಲ್ಲಿ ನೋವು ತಿಳಿಯದ ಹಾಗೆ ಮಗುವನ್ನು ನೋಡಿಕೊಳ್ಳುವದೂ ವೈದ್ಯವೇ. ಅದಕ್ಕೆ ಕೊಟ್ಟ ಹಣವು ವ್ಯರ್ಥವಾಯಿತೆಂದು ಹೇಳುವವನು ಯಾಯೀರನ ಮನೆಯಿಂದ ಬಂದು, ಬೋಧಕನಿಗೆ ಇನ್ನು ತೊಂದರೆ ಯಾಕೆಂದವರ ಗುಂಪಿಗೆ ಸೇರಿದವನು.

ತಮ್ಮ ತರುವಾಯವೂ ಮಕ್ಕಳಿಗೆ ಉಪಕಾರವಾಗುವಂತೆ ಇಟ್ಟುಹೋದವರು ಯಾರಾದರೂ ಇದ್ದಾರೋ? ಅನೇಕರಿದ್ದಾರೆ. ಲಂಡನ್ ಪಟ್ಟಣದಲ್ಲಿ ೧೮೫೨ರಲ್ಲಿ ಹತ್ತೇ ಹಾಸಿಗೆಗಳಿಂದ ಆರಂಭವಾದ ಗ್ರೇಟ್ ಆರ್ಮಂಡ್ ಬೀದಿಯ ಮಕ್ಕಳ ಆಸ್ಪತ್ರೆಗೆ ಜೆ. ಎಂ. ಬ್ಯಾರಿ ಎಂಬ ಗ್ರಂಥಕರ್ತರು ತಾವು ಬರೆದ ಪೀಟರ್ ಪ್ಯಾನ್ ಎಂಬ ಕಥೆಯ ಹಕ್ಕನ್ನೇ ೧೯೨೯ರಲ್ಲಿ ಕೊಟ್ಟರು. ೧೯೩೭ರಲ್ಲಿ ತೀರಿಕೊಂಡಾಗ ಅವರ ಮರಣಶಾಸನವು ಅದನ್ನು ಸ್ಥಿರಪಡಿಸಿತು. ನಮ್ಮ ಮಾತಿನಲ್ಲಿ ಹೇಳುವದಾದರೆ ಅವರು ಒಂದು ಗಾಡಿ ಕಾಯನ್ನು ಕೊಡಲಿಲ್ಲ, ಕಾಯಿ ಬಿಡುವ ಮರವನ್ನೇ ಕೊಟ್ಟರು. ಅದರಿಂದ ಎಷ್ಟು ಹಣ ಬರುವದೆಂಬದನ್ನು ಹೊರಗೆ ಹೇಳಬಾರದೆಂದು ಅವರು ಕೇಳಿಕೊಂಡಿದ್ದರು. ಆಸ್ಪತ್ರೆಯವರು ಅದನ್ನು ಇಂದಿನ ವರೆಗೂ ಹೇಳಿಲ್ಲ. ದಾನಿಗಳ ಹೆಸರನ್ನೂ ಮೊಬಲಗನ್ನೂ ಗೋಡೆಯ ಕಲ್ಲಿನಲ್ಲಿ ಕೆತ್ತಿಸುವ ನಮ್ಮ ಕೆಲವು ಸಭೆಗಳು ಇದನ್ನು ಗಮನಿಸಬಹುದು.

ನಮ್ಮ ದೇಶದಲ್ಲಿ ಸರ್ ದೊರಾಬ್‌ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿಯವರು ೧೯೩೧ರಲ್ಲಿ ಇದೇ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಮರುವರುಷ ದೊರಾಬ್‌ಜಿಯವರು ಪತ್ನಿಯ ಹೆಸರಿನಲ್ಲಿ ಆ ರೋಗದ ಸಂಶೋಧನೆಗಾಗಿ ಒಂದು ಟ್ರಸ್ಟನ್ನೂ, ತಮ್ಮ ಆಸ್ತಿಯನ್ನೆಲ್ಲಾ ಬಹುಮಟ್ಟಿಗೆ ಹಾಕಿ ಇನ್ನೊಂದು ಟ್ರಸ್ಟನ್ನೂ ಮಾಡಿ, ಅದೇ ೧೯೩೨ರಲ್ಲಿ ಮರಣಹೊಂದಿದರು. ಮುಂಬಯಿಯಲ್ಲಿ ೧೯೪೧ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯು ಆ ಟ್ರಸ್ಟಿನ ಹಣದಿಂದ ಎದ್ದದ್ದು. ಕ್ಯಾನ್ಸರು ಹಿಡಿದ ಮಕ್ಕಳು ಈಗಲೂ ದೇಶದ ಎಲ್ಲಾ ಕಡೆಗಳಿಂದ ಅಲ್ಲಿಗೆ ಹೋಗುತ್ತಾರೆ. ಕನ್ನಡನಾಡಿನಲ್ಲಿಯೇ ಬೆಳಗಾವಿ ಸೀಮೆಯ ಸಿರಸಂಗಿ ಲಿಂಗರಾಜ ದೇಸಾಯರು ೧೯೦೬ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಮರಣಶಾಸನದ ಮೂಲಕ ಬಡ ವಿದ್ಯಾರ್ಥಿಗಳಿಗೆ ಬಿಟ್ಟರು. ಅದು ವಿದ್ಯೆಗಾಗಿ ಇಟ್ಟದ್ದಾದರೂ, ಒಬ್ಬ ಮನುಷ್ಯನು ಬರೆದಿಟ್ಟ ಪತ್ರವು ಎಷ್ಟು ತಲೆಮಾರು ನಡೆಯಬಲ್ಲದೆಂಬದಕ್ಕೆ ಒಳ್ಳೆಯ ದೃಷ್ಟಾಂತವಾಗಿದೆ. ಮೈಸೂರಿನಲ್ಲಿ ವೆಸ್ಲಿಯನ್ ಮಿಷನಿನವರು ೧೯೦೬ರಲ್ಲಿ ಸ್ತ್ರೀಯರಿಗಾಗಿಯೂ ಮಕ್ಕಳಿಗಾಗಿಯೂ ತೆರೆದ, ಜನರು ಮಿಷನ್ ಆಸ್ಪತ್ರೆ ಎಂದು ಕರೆಯುವ ಆಸ್ಪತ್ರೆಯೂ ಮೇರಿ ಕಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಸಹೋದರಿಯ ಸ್ಮರಣಾರ್ಥವಾದದ್ದು.

ಇವರು ದೊಡ್ಡವರು, ನಮಗೆ ಮೂವತ್ತು ಮರಗಳಿವೆ ಎನ್ನುವವರಿಗೆ ಉತ್ತರ ಕೊಡುವದಕ್ಕೆ ಮುಂಚೆ ಮೂರನೆಯ ವೇದಭಾಗವನ್ನು ತೆರೆಯಬೇಕು. ಅಲ್ಲಿ ನಮ್ಮ ಕರ್ತನು ಕೊರ್ಬಾನ್ ಎಂಬ ಪದ್ಧತಿಯನ್ನು ಖಂಡಿಸುತ್ತಾನೆ. ಒಬ್ಬನು ತನ್ನ ಸೊತ್ತನ್ನು ದೇವರಿಗೆ ಮೀಸಲೆಂದು ಹೇಳಿಬಿಟ್ಟು, ಮುಪ್ಪಿನ ತಂದೆತಾಯಿಗಳಿಗೆ ಅನ್ನವಿಕ್ಕುವ ಕರ್ತವ್ಯದಿಂದ ತಪ್ಪಿಸಿಕೊಳ್ಳುತ್ತಿದ್ದನು. ದಾನವೆಂಬ ಹೆಸರಿನಿಂದ ಮನೆಯವರಿಗೆ ಅನ್ಯಾಯಮಾಡುವದು ಕರ್ತನಿಗೆ ಅಸಹ್ಯವೆಂದು ಇದರಿಂದ ತಿಳಿಯುವದು. ಮರಣಶಾಸನವಿಲ್ಲದೆ ಸತ್ತ ಕ್ರೈಸ್ತನ ಆಸ್ತಿಯಲ್ಲಿ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಹೆಂಡತಿಗೆ ಮೂರರಲ್ಲಿ ಒಂದು ಪಾಲನ್ನು ಕೊಟ್ಟು, ಉಳಿದದ್ದನ್ನು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮವಾಗಿ ಹಂಚುವದು. ಬರೆದು ಸಾಯುವವನಿಗಾದರೋ ಕಾಯಿದೆಯು ಯಾವ ಮಿತಿಯನ್ನೂ ಇಟ್ಟಿಲ್ಲ. ಮುಸಲ್ಮಾನರ ಶಾಸ್ತ್ರದ ಪ್ರಕಾರ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು ಹೀಗೆ ಬರೆಯುವದಕ್ಕಾಗದು. ಅದು ಬುದ್ಧಿಯುಳ್ಳ ಏರ್ಪಾಡೆಂದು ನಮಗೆ ತೋರುತ್ತದೆ. ನಮಗೆ ಅಂಥ ಬೇಲಿ ಇಲ್ಲವಾದಕಾರಣ ಮನಸ್ಸಾಕ್ಷಿಯೇ ಬೇಲಿಯಾಗಬೇಕು. ಹೆಂಡತಿಯ ಜೀವನಕ್ಕೆ ಸಾಕಾಗುವಷ್ಟು, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಸಲ್ಲತಕ್ಕಷ್ಟು (ಚಲ್ಪಹಾದನ ಹೆಣ್ಣುಮಕ್ಕಳ ನ್ಯಾಯವನ್ನು ಮೋಶೆಯು ಯಾರಿಂದ ಕೇಳಿ ತೀರಿಸಿದನೆಂಬದನ್ನು ಜ್ಞಾಪಕಮಾಡಿಕೊಳ್ಳಿರಿ), ಸಾಲಗಾರರಿಗೆ ಪೂರ್ತಿಯಾಗಿ; ಇಷ್ಟಾದ ಮೇಲೆ ಉಳಿಯುವದರಲ್ಲಿ ದಾನದ ಮಾತು. ಶೂನೇಮಿನ ಸ್ತ್ರೀಯು ಬರಗಾಲದ ನಂತರ ಹಿಂದಿರುಗಿದಾಗ ಅರಸನು ಅವಳ ಮನೆಹೊಲಗಳನ್ನು ಮಾತ್ರವಲ್ಲದೆ, ಆ ಏಳು ವರುಷಗಳ ಬೆಳೆಯ ಹುಟ್ಟುವಳಿಯನ್ನೂ ಕೊಡಿಸಿದನು. ಮಗುವನ್ನು ಎಬ್ಬಿಸಿದ ಕಥೆಯೂ ತಾಯಿಯ ಭೂಮಿಯ ಕಥೆಯೂ ಒಂದೇ ಮನೆಯವು; ಒಂದನ್ನು ಮಾಡಿ ಇನ್ನೊಂದನ್ನು ಕೆಡಿಸತಕ್ಕದ್ದಲ್ಲ.

ಕ್ರೈಸ್ತರು ಧರ್ಮಕಾರ್ಯಕ್ಕೆ ಮರಣಶಾಸನ ಬರೆದರೆ ನಿಲ್ಲುವದಿಲ್ಲವೆಂಬ ಮಾತು ನಮ್ಮ ಕಡೆಯ ಹಿರಿಯರಲ್ಲಿ ಇನ್ನೂ ಇದೆ. ಅದು ಸುಮ್ಮನೆ ಹುಟ್ಟಿದ ಮಾತಲ್ಲ. ಮೇಲೆ ಹೇಳಿದ ಕಾಯಿದೆಯ ೧೧೮ನೆಯ ಕಲಮಿನ ಪ್ರಕಾರ, ಅಣ್ಣತಮ್ಮಂದಿರ ಇಲ್ಲವೆ ಅಕ್ಕತಂಗಿಯರ ಮಕ್ಕಳಾಗಲಿ ಅವರಿಗಿಂತ ಹತ್ತಿರದ ಸಂಬಂಧಿಕರಾಗಲಿ ಉಳ್ಳವನು ಧರ್ಮಕಾರ್ಯಕ್ಕೆ ಬಿಡಬೇಕಾದರೆ, ಸಾಯುವದಕ್ಕೆ ಹನ್ನೆರಡು ತಿಂಗಳು ಮುಂಚೆಯೇ ಬರೆದಿರಬೇಕಾಗಿತ್ತು. ಬರೆದ ಆರು ತಿಂಗಳೊಳಗೆ ಅದನ್ನು ಸರ್ಕಾರದ ವಶದಲ್ಲಿ ಇಡಬೇಕಾಗಿತ್ತು. ಹಿಂದುಗಳಿಗೂ ಮುಸಲ್ಮಾನರಿಗೂ ಈ ಕಟ್ಟಿರಲಿಲ್ಲ; ಪಾರ್ಸಿಗಳನ್ನೂ ಆಮೇಲೆ ಬಿಡುಗಡೆಮಾಡಿದರು. ಕೇರಳದ ಪಾದ್ರಿಯಾದ ಜಾನ್ ವಲ್ಲಮಟ್ಟಮ್ ಎಂಬವರು ಇದನ್ನು ಪ್ರಶ್ನಿಸಲು, ೨೦೦೩ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಲಮು ಸಂವಿಧಾನದ ಸಮಾನತೆಗೆ ವಿರೋಧವೆಂದು ತೀರ್ಮಾನಿಸಿ ರದ್ದುಪಡಿಸಿತು. ಆದಕಾರಣ ಈಗ ಆ ಅಡ್ಡಿ ಇಲ್ಲ.

ಅಡ್ಡಿ ಹೋದದ್ದು ನ್ಯಾಯವೇ. ಆದರೂ ಅದನ್ನು ಮಾಡಿದವರ ಭಯವು ಪೂರ್ತಿಯಾಗಿ ಸುಳ್ಳಾಗಿತ್ತೆಂದು ನಾವು ಹೇಳಲಾರೆವು. ಸಾಯುವವನ ಹಾಸಿಗೆಯ ಬಳಿ ಸಭೆಯ ಸೇವಕನು ಕೂತು, ಅವನ ಹೆದರಿಕೆಯನ್ನು ಹಿಡಿದುಕೊಂಡು ಆಸ್ತಿಯನ್ನು ಬರೆಯಿಸಿಕೊಳ್ಳಬಹುದೆಂಬದೇ ಆ ಭಯ. ಕಾಯಿದೆಯು ಬಿಟ್ಟದ್ದನ್ನು ನಾವು ನಮಗೆ ನಾವೇ ನಿಯಮವಾಗಿ ಇಟ್ಟುಕೊಳ್ಳುವದು ಒಳ್ಳೆಯದು. ಉಪದೇಶಿಗಳಾದ ನಾವು ರೋಗಿಯ ಹಾಸಿಗೆಯ ಬಳಿಗೆ ಪ್ರಾರ್ಥನೆಗಾಗಿ ಹೋಗುವೆವು. ಅಲ್ಲಿ ಆಸ್ತಿಯ ಮಾತನ್ನು ಎತ್ತತಕ್ಕದ್ದಲ್ಲ. ಈ ಪಾಠವು ಪತ್ರಿಕೆಯಲ್ಲಿ, ಆರೋಗ್ಯವಾಗಿರುವವರು ಮನೆಮಂದಿಯೊಡನೆ ಕೂತು ಓದುವದಕ್ಕಾಗಿ ಬರೆಯಲ್ಪಟ್ಟಿರುವದು ಆ ಕಾರಣದಿಂದಲೇ.

ಇನ್ನು ಬರೆಯುವ ಕ್ರಮ. ಹದಿನೆಂಟು ವರುಷ ತುಂಬಿದ, ಸ್ವಸ್ಥಬುದ್ಧಿಯುಳ್ಳ ಯಾರೂ ಬರೆಯಬಹುದು. ಸ್ತ್ರೀಯರೂ ತಮ್ಮ ಸ್ವಂತ ಸೊತ್ತಿನ ವಿಷಯವಾಗಿ ಬರೆಯಬಹುದು. ಬಿಳೀ ಕಾಗದ ಸಾಕು, ಛಾಪಾ ಕಾಗದ ಬೇಕಾಗಿಲ್ಲ. ರುಜು ಹಾಕಲಾರದವರು ಹೆಬ್ಬೆಟ್ಟನ್ನು ಒತ್ತಬಹುದು. ಸಾಕ್ಷಿಗಳು ಇಬ್ಬರಾದರೂ ಇರಬೇಕು. ಬರೆಯಿಸಿದವನು ರುಜು ಹಾಕಿದ್ದನ್ನು ಅವರು ಕಂಡಿರಬೇಕು, ಇಲ್ಲವೆ ಅದು ತನ್ನ ರುಜುವೆಂದು ಅವನ ಬಾಯಿಂದ ಕೇಳಿರಬೇಕು. ಅವರೂ ಅವನ ಕಣ್ಣೆದುರಿಗೆ ರುಜು ಹಾಕಬೇಕು. ಇಲ್ಲಿ ನಮ್ಮವರು ಬಹಳ ಎಚ್ಚರವಾಗಿರತಕ್ಕ ಸಂಗತಿಯೊಂದುಂಟು. ಸಾಕ್ಷಿ ಹಾಕಿದವನಿಗೂ ಅವನ ಹೆಂಡತಿಗೂ, ಸಾಕ್ಷಿ ಹಾಕಿದವಳಿಗೂ ಅವಳ ಗಂಡನಿಗೂ ಅದೇ ಪತ್ರದಲ್ಲಿ ಬಿಟ್ಟ ಪಾಲು ಕ್ರೈಸ್ತರ ವಿಷಯದಲ್ಲಿ ನಿಲ್ಲುವದಿಲ್ಲ. ಮನೆಯ ಅಳಿಯನು ಓದುಬರಹ ಬಲ್ಲವನೆಂದು ಅವನಿಂದ ಸಾಕ್ಷಿ ಹಾಕಿಸಿದರೆ ಮಗಳ ಪಾಲು ಹೋಗುವದು. ಏನೂ ಸಿಕ್ಕದ ನೆರೆಯವರೇ ಒಳ್ಳೆಯ ಸಾಕ್ಷಿಗಳು, ಅವರು ಯಾವ ಮತದವರಾದರೂ ಸರಿ.

ಧರ್ಮಕ್ಕೆ ಎಂದು ಮಾತ್ರ ಬರೆಯಬೇಡಿರಿ. ಮುಂಬಯಿ ಕಡೆಯ ಒಂದು ವ್ಯಾಜ್ಯದಲ್ಲಿ ಹೀಗೆ ಧರ್ಮಕ್ಕೆಂದು ಬಿಟ್ಟ ಆಸ್ತಿಯ ಬಗ್ಗೆ ಪ್ರಿವಿ ಕೌನ್ಸಿಲಿನವರು ೧೮೯೯ರಲ್ಲಿ, ಆ ಮಾತಿನ ಅರ್ಥವು ಬಹು ವಿಶಾಲವೂ ಅಸ್ಪಷ್ಟವೂ ಆಗಿರುವದರಿಂದ ಅದು ನಿಲ್ಲುವದಿಲ್ಲವೆಂದು ತೀರ್ಮಾನಿಸಿದರು. ಆಸ್ಪತ್ರೆಯ ಇಲ್ಲವೆ ಟ್ರಸ್ಟಿನ ಪೂರ್ಣ ಹೆಸರು, ಊರು, ನೋಂದಣಿಯ ಸಂಖ್ಯೆ ಬೇಕು. ಅದನ್ನು ಅಲ್ಲಿಂದಲೇ ಬರೆದು ತರಿಸಿಕೊಳ್ಳಿರಿ.

ಏನನ್ನು ಕೊಡಬೇಕು? ಹತ್ತು ಮರಗಳ ಹುಟ್ಟುವಳಿಯನ್ನು ಮಗನು ಪ್ರತಿ ವರುಷವೂ ಆಸ್ಪತ್ರೆಗೆ ಕಳುಹಿಸಬೇಕೆಂದು ಬರೆಯುವದು ಕಿವಿಗೆ ಇಂಪಾಗಿದೆ. ಆದರೆ ನಮ್ಮ ಅಭಿಪ್ರಾಯದಲ್ಲಿ ಸಣ್ಣ ಹಿಡುವಳಿಯವರಿಗೆ ಅದು ತಕ್ಕದ್ದಲ್ಲ. ನುಸಿಪೀಡೆ ಬರುವದು, ಕಾಂಡ ಸೋರುವ ರೋಗ ಬರುವದು, ಕೊಬ್ಬರಿಯ ಧಾರಣೆ ಒಂದು ವರುಷ ಏರಿದರೆ ಇನ್ನೊಂದು ವರುಷ ಇಳಿಯುವದು. ಅಣ್ಣತಮ್ಮಂದಿರೊಳಗೆ ಜಗಳಕ್ಕೆ ಅದೇ ಬೀಜವಾಗುವದು. ಜಮೀನನ್ನೇ ಬರೆಯುವದರಲ್ಲಿಯೂ ತೊಡಕುಗಳಿವೆ. ಪಹಣಿಯು ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ತನ್ನ ಪಾಲನ್ನು ಮಾತ್ರ ಬಿಡಬಹುದು. ಸರ್ಕಾರದಿಂದ ಮಂಜೂರಾದ ಜಮೀನಿಗೆ ಬೇರೆ ಷರತ್ತುಗಳಿರುವದರಿಂದ ವಕೀಲರನ್ನು ಕೇಳದೆ ಮುಟ್ಟತಕ್ಕದ್ದಲ್ಲ. ಇವೆಲ್ಲಕ್ಕಿಂತ ಸುಲಭವಾದದ್ದು, ಬದುಕಿರುವಾಗಲೇ ತೋಟದ ಒಂದು ಸಾಲನ್ನು ಗೊತ್ತುಮಾಡಿ, ಅದರ ಕೊಬ್ಬರಿಯ ಕ್ರಯವನ್ನು ಹರಾಜಾದ ಕೂಡಲೇ ಬೇರೆಯಾಗಿ ಬ್ಯಾಂಕಿನಲ್ಲಿ ಠೇವಣಿ ಇಡುತ್ತಾ ಬಂದು, ಆ ಠೇವಣಿಯನ್ನು ಮರಣಶಾಸನದಲ್ಲಿ ಮಕ್ಕಳ ಆಸ್ಪತ್ರೆಗೆ ಬಿಡುವದು. ಕಷ್ಟ ಬಂದರೆ ಹಣ ಕೈಯಲ್ಲೇ ಇರುವದು. ಬ್ಯಾಂಕಿನಲ್ಲಿ ನಾಮಿನಿ ಎಂದು ಬರೆಯಿಸಿದವನು ಹಣವನ್ನು ತೆಗೆದುಕೊಳ್ಳತಕ್ಕವನೇ ಹೊರತು ಅದರ ಒಡೆಯನಲ್ಲವೆಂಬದನ್ನು ಮನೆಯವರೆಲ್ಲರಿಗೂ ಮುಂದಾಗಿಯೇ ತಿಳಿಸಿರಬೇಕು.

ಪತ್ರದಲ್ಲಿ ಆ ಭಾಗವನ್ನು ಹೆಚ್ಚು ಕಡಿಮೆ ಹೀಗೆ ಬರೆಯಬಹುದು: ನನ್ನ ಸಾಲಗಳೂ ಶವಸಂಸ್ಕಾರದ ಖರ್ಚೂ ತೀರಿದ ಮೇಲೆ ಇಂಥ ಬ್ಯಾಂಕಿನ ಇಂಥ ಶಾಖೆಯಲ್ಲಿ ಇಂಥ ಸಂಖ್ಯೆಯ ಖಾತೆಯಲ್ಲಿರುವ ಹಣವನ್ನು ಇಂಥ ಊರಿನ ಇಂಥ ಆಸ್ಪತ್ರೆಯ ಟ್ರಸ್ಟಿಗೆ ಕೊಡತಕ್ಕದ್ದು, ಅದನ್ನು ಕಠಿನ ವ್ಯಾಧಿಯಿಂದ ನರಳುವ ಬಡ ಮಕ್ಕಳ ಚಿಕಿತ್ಸೆಗೂ, ಅವರ ಜೊತೆಯಲ್ಲಿರುವ ತಂದೆತಾಯಿಗಳ ವಸತಿ ಊಟ ಪ್ರಯಾಣಗಳಿಗೂ ಜಾತಿಮತಭೇದವಿಲ್ಲದೆ ಉಪಯೋಗಿಸತಕ್ಕದ್ದು, ನಾನು ಸಾಯುವ ಕಾಲದಲ್ಲಿ ಆ ಸಂಸ್ಥೆಯು ಇಲ್ಲದೆ ಹೋಗಿದ್ದರೆ ನನ್ನ ಎಕ್ಸಿಕ್ಯೂಟರು ಅದೇ ಉದ್ದೇಶವುಳ್ಳ ಬೇರೊಂದು ಸಂಸ್ಥೆಗೆ ಕೊಡತಕ್ಕದ್ದು. ಎಕ್ಸಿಕ್ಯೂಟರೆಂದರೆ ಪತ್ರದಲ್ಲಿ ಬರೆದದ್ದನ್ನು ನಡಿಸುವವನು. ಪ್ರಾಯದಲ್ಲಿ ತನಗಿಂತ ಚಿಕ್ಕವನೂ ಲೆಕ್ಕದಲ್ಲಿ ಪ್ರಾಮಾಣಿಕನೂ ಆದವನನ್ನು ಆರಿಸಿ, ಅವನ ಒಪ್ಪಿಗೆಯನ್ನು ಕೇಳಿಯೇ ಹೆಸರು ಬರೆಯಿರಿ.

ಪತ್ರವನ್ನು ನೋಂದಣಿ ಮಾಡಿಸುವದು ಕಡ್ಡಾಯವಲ್ಲ. ಆದರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಮಾಡಿಸಿದರೆ ಮುಂದೆ ಸಂಶಯಗಳು ಕಡಿಮೆಯಾಗುವವು. ಬೇಕಾದರೆ ಮುದ್ರೆ ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ವಶದಲ್ಲಿಯೂ ಇಡಬಹುದು. ಭಾರತೀಯ ಕ್ರೈಸ್ತರ ಮರಣಶಾಸನಕ್ಕೆ ನ್ಯಾಯಾಲಯದ ಪ್ರೊಬೇಟು ಇರಲೇಬೇಕೆಂಬ ನಿಯಮವು ೨೦೦೨ರ ತಿದ್ದುಪಡಿಯಿಂದ ಹೋಗಿದೆ. ಪತ್ರವು ಎಲ್ಲಿದೆ ಎಂಬದು ಎಕ್ಸಿಕ್ಯೂಟರಿಗೆ ಗೊತ್ತಿರಬೇಕು. ದೊಡ್ಡ ವೇದಪುಸ್ತಕದೊಳಗೆ ಮಡಿಚಿಟ್ಟು ಯಾರಿಗೂ ಹೇಳದೆ ಸಾಯುವದರಿಂದ ಯಾರ ಮಗುವಿಗೂ ಪ್ರಯೋಜನವಿಲ್ಲ. ಬದುಕಿರುವ ವರೆಗೆ ಅದನ್ನು ಎಷ್ಟು ಸಾರಿ ಬೇಕಾದರೂ ಬದಲಾಯಿಸಬಹುದು. ಕೊನೆಯದಾಗಿ ಬರೆದದ್ದೇ ನಡೆಯುವದು. ಕ್ರೈಸ್ತರಲ್ಲಿ ಬರೆಯಿಸಿದವನು ಅನಂತರ ಮದುವೆಮಾಡಿಕೊಂಡರೆ ಮುಂಚಿನ ಮರಣಶಾಸನವು ತಾನಾಗಿಯೇ ರದ್ದಾಗುವದು. ಹೆಂಡತಿಯನ್ನು ಕಳಕೊಂಡು ಮತ್ತೆ ಮದುವೆಯಾದವರೂ, ಮದುವೆಗೆ ಮುಂಚೆ ಬರೆದಿಟ್ಟ ಯೌವನಸ್ಥರೂ ಹಳೆಯ ಕಾಗದವನ್ನು ನಂಬಿಕೊಂಡು ಕೂತಿರದೆ ಹೊಸದಾಗಿ ಇಬ್ಬರು ಸಾಕ್ಷಿಗಳ ಮುಂದೆ ಬರೆಯಿಸತಕ್ಕದ್ದು.